ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಅಗತ್ಯವೋ, ಅಲಂಕಾರವೋ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಈಗ ಹೆಬ್ಬಳ್ಳಿಯಂಥ ನಮ್ಮ ಊರುಗಳ ಮನೆಗಳಿಗೂ ಬಂದಿದೆ. ಯಾವುದು ಅಗ್ಗ, ಯಾವುದರಲ್ಲಿ ಬೇಗ ತೆಳ್ಳಗಾಗಬಹುದು ಎಂದು ಹೋಲಿಸುವವರು ಬಹಳ. ಯಾವ ಕಾಯಿಲೆಗೆ ಯಾವುದು ಎಂದು ಕೇಳುವವರು ವಿರಳ.

2022ರ ಮೇ 16ರಂದು ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಪ್ಲಾಸ್ಟಿಕ್ ಸರ್ಜರಿಯ ಬಳಿಕ ಮೃತಪಟ್ಟರು. ವಯಸ್ಸು 21. ಅಂದಿನಿಂದ ತೂಕದ ಆಪರೇಷನ್ ಎಂದರೆ ಸಾವೇ ಎಂದು ಭಾವಿಸಿದವರಿದ್ದಾರೆ. ಆದರೆ ಚರ್ಮದಡಿಯ ಕೊಬ್ಬನ್ನು ಹೀರುವ ಲೈಪೋಸಕ್ಷನ್ ದೇಹದ ಆಕಾರವನ್ನಷ್ಟೇ ತಿದ್ದುತ್ತದೆ. ಸಕ್ಕರೆ ಕಾಯಿಲೆಗೆ ಅದು ಮದ್ದಲ್ಲ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ. ಅದು ನಡೆಯುವುದು ಜಠರ ಮತ್ತು ಕರುಳಿನ ಮೇಲೆ, ರೋಗದ ನಿವಾರಣೆಗಾಗಿ.

ಅದರಲ್ಲಿ ಮುಖ್ಯವಾದವು ಎರಡು. 'ಸ್ಲೀವ್'ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆದುದು ಮರಳಿ ಬಾರದು. 'ಬೈಪಾಸ್'ನಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎದೆಯುರಿ, ಹುಳಿತೇಗು ಇರುವವರಿಗೆ ಸ್ಲೀವ್ ಆ ಬಾಧೆಯನ್ನು ಹೆಚ್ಚಿಸಬಹುದು. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಬೈಪಾಸನ್ನೇ ಸೂಚಿಸುತ್ತಾರೆ. ಬೈಪಾಸಿನಲ್ಲಿ ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ12 ಕೊರತೆಯ ಭಯ ಅಧಿಕ. ಎರಡರಲ್ಲಿ ಯಾವುದಾದರೂ ಜೀವನಪರ್ಯಂತ ಮಾತ್ರೆ, ರಕ್ತಪರೀಕ್ಷೆ ತಪ್ಪಿದ್ದಲ್ಲ. ಇನ್ನು ಹೊಟ್ಟೆಯೊಳಗೆ ಇಡುವ ಬಲೂನು ಕೆಲವು ತಿಂಗಳ ಅತಿಥಿ, ಸಾಮಾನ್ಯವಾಗಿ ಆರು ತಿಂಗಳು. ಅದು ಹೋದ ಮೇಲೆ ಹಳೆಯ ಊಟ ಮರಳಿದರೆ ತೂಕವೂ ಮರಳುತ್ತದೆ.

ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗದೇ ಎಂದು ನಮ್ಮನ್ನು ಕೇಳುವವರಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ)ರಿಗೆ ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿದಾಗ, ಪುರುಷರಿಗೆ ನಿಷಿದ್ಧವಾದ ಚಿನ್ನದಲ್ಲೇ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ)ರು ಅನುಮತಿಸಿದ್ದರು. ಮಧುಮೇಹ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗಳಿಂದ ಬಳಲುವವರ ಚಿಕಿತ್ಸೆಯನ್ನು ನಾವು ಈ ಸಾಲಿಗೇ ಸೇರಿಸುತ್ತೇವೆ.

ನಮ್ಮ ಆಕ್ಷೇಪವಿರುವುದು ಬೇರೆಡೆ. ವರನ ಕಡೆಯವರು "ಹುಡುಗಿ ಸ್ವಲ್ಪ ದಪ್ಪ" ಎಂದರೆಂದು ಆರೋಗ್ಯವಂತ ಮಗಳನ್ನು ಆಪರೇಷನ್ ಟೇಬಲ್ಲಿಗೆ ಕಳಿಸಲು ಹೊರಡುವುದು, ಅದಕ್ಕಾಗಿ ತಾಯಿಯ ಬಳೆ ಅಡವಿಡುವುದು! ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಏಷ್ಯಾದವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು 27.5ರಿಂದ ಮೇಲೆ. 160 ಸೆಂಟಿಮೀಟರ್ ಎತ್ತರದ, 65 ಕಿಲೋ ತೂಕದ ಹುಡುಗಿಯ ಬಿಎಂಐ ಸುಮಾರು 25.4. ಆಕೆಗೆ ಬೇಕಾದುದು ಕತ್ತರಿಯಲ್ಲ. ಮದುವೆಗೆಂದೇ ಮಾಡಿಸುವವರು ಇನ್ನೊಂದನ್ನೂ ತಿಳಿದಿರಲಿ: ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 12ರಿಂದ 18 ತಿಂಗಳು ಗರ್ಭ ಧರಿಸಬಾರದೆಂದು ವೈದ್ಯರು ಹೇಳುತ್ತಾರೆ. ಇದನ್ನು ಬೀಗರಿಗೆ ಮೊದಲೇ ಹೇಳುವವರು ಯಾರು?

ನಿಜವಾಗಿ ಅಗತ್ಯವಿರುವವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವ ಮುನ್ನ, ವರ್ಷಗಳವರೆಗಿನ ತಪಾಸಣೆಗೆ ಯಾರು ಕರೆದೊಯ್ಯುವರು, ಮಾತ್ರೆಯ ಖರ್ಚು ಎಲ್ಲಿಂದ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಲಿ. ಉಪವಾಸದ ಪ್ರಶ್ನೆಯನ್ನೂ ವೈದ್ಯರ ಮುಂದಿಡಲಿ. ಚಿಕ್ಕದಾದ ಜಠರಕ್ಕೆ ಇಫ್ತಾರಿನಿಂದ ಸಹರಿಯ ನಡುವೆ ಬೇಕಾದಷ್ಟು ನೀರು ಕುಡಿಯುವುದು ಕಷ್ಟ. ಮೊದಲ ವರ್ಷದ ರಮಝಾನಿನಲ್ಲಿ ಅವರು ಬೇಡವೆಂದರೆ, ರೋಗಿಗೆ ಇರುವ ರಿಯಾಯಿತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸಲಿ.