ಸೂರಿಲ್ಲದವರ ಸೇವೆ

ಹಸಿದವರಿಗೆ ಅನ್ನ, ಚಳಿಯಲ್ಲಿ ನಡುಗುವವರಿಗೆ ಹೊದಿಕೆ ನೀಡುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಅದು ನಿಲ್ಲಬಾರದು. ಆದರೆ ಉಂಡುಹೋದವರು ಆ ರಾತ್ರಿ ಎಲ್ಲಿ ಮಲಗುವರೆಂದು ನಾವು ಕೇಳುವುದು ಅಪರೂಪ. 2011ರ ಜನಗಣತಿಯು ನಮ್ಮ ದೇಶದಲ್ಲಿ ಸುಮಾರು 17.7 ಲಕ್ಷ ಸೂರಿಲ್ಲದವರನ್ನು ಎಣಿಸಿತು. ಇಂಥವರ ವಿಷಯದಲ್ಲಿ ಸಮಾಜ ಹಿಡಿದಿರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ಬೀದಿಯಿಂದ ಒಯ್ದು ಆವರಣದೊಳಗೆ ಇರಿಸುವುದು. ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದ ಹಾದಿ ಇದು. ಆಸ್ತಿ ತೆರಿಗೆಯೊಡನೆ ನಾವು ತೆರುವ ಭಿಕ್ಷುಕರ ಉಪಕರ ಇದಕ್ಕೆಂದೇ ಇರುವುದು. ಆದರೆ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಸಂಭವಿಸಿದ ಸಾಲು ಸಾವುಗಳನ್ನು ಮರೆಯುವಂತಿಲ್ಲ. ಒಪ್ಪಿಗೆಯಿಲ್ಲದೆ ಒಳಗಿಟ್ಟವರ ಕೂಗು ಹೊರಗೆ ಕೇಳಿಸದು.

ಎರಡನೆಯದು ತಂಗುದಾಣ. ಚಳಿಗೆ ಜನ ಸಾಯುವುದನ್ನು ಗಮನಿಸಿದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಈ ಕುರಿತು ಸರಕಾರಗಳಿಗೆ ಆದೇಶವಿತ್ತಿತು. 2013ರ ಕೇಂದ್ರ ಯೋಜನೆಯು ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ 100 ಮಂದಿಯಂತೆ, ಹಗಲಿರುಳೂ ತೆರೆದಿರುವ ಆಶ್ರಯಗಳನ್ನು ವಿಧಿಸಿತು. ಇದು ಜೀವ ಉಳಿಸುವ ಕಾರ್ಯ. ಆದರೂ ನಸುಕಿನಲ್ಲೇ ಮಾರುಕಟ್ಟೆಯಲ್ಲಿರಬೇಕಾದ ಹಮಾಲಿಗೆ ದೂರದ ತಂಗುದಾಣದಿಂದ ಪ್ರಯೋಜನವಿಲ್ಲ. ಗಂಡಸರಿಗೆ ಮಾತ್ರವೇ ಜಾಗವಿದ್ದರೆ ಹೆಂಡತಿ ಮಕ್ಕಳುಳ್ಳವನು ಅಲ್ಲಿಗೆ ಹೋಗಲಾರನು.

ಮೂರನೆಯದು, ಮೊದಲು ಮನೆ, ಅನಂತರ ಉಳಿದುದು. 'ಕುಡಿತ ಬಿಡು, ಚಿಕಿತ್ಸೆ ಪಡೆ, ಆಮೇಲೆ ಮನೆ' ಎಂಬ ಹಳೆಯ ಕ್ರಮವನ್ನು 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ತಿರುಗಿಸಿದರು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿಲ್ಲದವನು ಔಷಧಿಯನ್ನು ಹೊತ್ತಿಗೆ ಸರಿಯಾಗಿ ಹೇಗೆ ಸೇವಿಸಿಯಾನು? ಫಿನ್ಲೆಂಡ್ ದೇಶವು 2008ರಿಂದ ಇದನ್ನೇ ರಾಷ್ಟ್ರನೀತಿಯಾಗಿಸಿ, ಸಾಲುಮಂಚದ ತಂಗುದಾಣಗಳನ್ನು ಬಾಡಿಗೆಮನೆಗಳಾಗಿ ಮಾರ್ಪಡಿಸಿತು. ಅಲ್ಲಿ 2023ರ ಕೊನೆಗೆ ಸುಮಾರು 3,400ಕ್ಕೆ ಇಳಿದಿದ್ದ ನಿರ್ವಸಿತರ ಸಂಖ್ಯೆ 2024ರಲ್ಲಿ 3,800ಕ್ಕೆ ಏರಿತು. ಕೈಬಿಡದೆ ನಡೆಸಿದರೆ ಮಾತ್ರ ಈ ಕೆಲಸ ನಿಲ್ಲುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಬಲವಂತವು ಸೇವೆಯಲ್ಲ, ತಂಗುದಾಣವು ಮೆಟ್ಟಿಲು, ಮನೆಯೇ ಗುರಿ. ಮನೆಗಳನ್ನು ಕಟ್ಟುವುದು ಸರಕಾರದ ಹೊಣೆ. ಸದ್ಗೃಹಸ್ಥರಿಗೂ ಒಂದು ಹೊಣೆಯಿದೆ. ಬೀದಿಯಲ್ಲಿ ಕಾಣುವ ಮುದುಕರೂ ವಿಧವೆಯರೂ ಮನೋರೋಗಿಗಳೂ ಎಷ್ಟೋ ಸಲ ಯಾವುದೋ ಮನೆಯ ಹೊಸಿಲು ದಾಟಿ ಬಂದವರೇ. ಪಾಲಕರ ಪೋಷಣೆಗೆ 2007ರಲ್ಲಿ ಕಾಯಿದೆಯೇ ಬೇಕಾಯಿತೆಂಬುದು ನಮಗೆಲ್ಲರಿಗೂ ನಾಚಿಕೆಯ ಸಂಗತಿ. ಬಂಧುಗಳೇ, ಹೊದಿಕೆ ಹಂಚಲು ಹೊರಡುವ ಮುನ್ನ ನಮ್ಮ ಬಳಗದಲ್ಲಿ ಯಾರ ಹಾಸಿಗೆ ಹೊರಜಗುಲಿಗೆ ಬಂದಿದೆಯೆಂದು ನೋಡೋಣ. ಅವರನ್ನು ಒಳಗೆ ಕರೆಯುವುದೂ ಸೂರಿಲ್ಲದವರ ಸೇವೆಯೇ.