ನಡಾವಳಿಯಲ್ಲಿ ಬರೆಸಿದ ಮಾತು ಎಲ್ಲಿ ಹೋಯಿತು?

ಮಾನ್ಯ ಮಾಹಿತಿ ತಂತ್ರಜ್ಞಾನ ನಿರ್ದೇಶಕರಿಗೆ,

ನನ್ನ ಇಮೇಲ್‌ಗಳಿಗೆ ಉತ್ತರವಿಲ್ಲ, ಕಡತ ನಿಮ್ಮ ಮೇಜು ಬಿಟ್ಟು ಏಳುತ್ತಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಒಂದು ರಾತ್ರಿ ನಮ್ಮ ಕಚೇರಿಯ ಯುಪಿಎಸ್ ಕೈಕೊಟ್ಟ ಸಂಗತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೈಪರ್-ವಿ ಹೋಸ್ಟ್‌ಗಳು ಎದ್ದವು, ಅವುಗಳೊಳಗಿನ ವರ್ಚುವಲ್ ಮಷಿನ್‌ಗಳು ಏಳಲಿಲ್ಲ. ಲಾಗಿನ್ ಪರಿಶೀಲಿಸುವ ನಮ್ಮ ಎರಡೂ ಡೊಮೇನ್ ಕಂಟ್ರೋಲರ್‌ಗಳು ಇದ್ದದ್ದು ಅವುಗಳಲ್ಲೇ. ಡೊಮೇನ್ ಲಾಗಿನ್ ಹೋಯಿತು. ಉಳಿದದ್ದು ಹೋಸ್ಟ್‌ನ ಲೋಕಲ್ ಅಡ್ಮಿನ್ ಖಾತೆ ಮಾತ್ರ. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಗುತ್ತಿಗೆ ಮುಗಿಸಿ ಹೋದ ಎಂಜಿನಿಯರ್‌ಗೆ. ಬೆಳಗಿನ ಜಾವ ಫೋನ್ ಮಾಡಿದೆವು. ಅವರು ಹೇಳಿದ ಒಂದೇ ಪಾಸ್‌ವರ್ಡ್ ಎಲ್ಲ ಹೋಸ್ಟ್‌ಗಳಲ್ಲೂ ನಡೆಯಿತು! ನನಗೆ ದಿಗಿಲಾದದ್ದು ಆಗ. ಒಂದು ಹೋಸ್ಟ್‌ನಿಂದ ಅದರ ಹ್ಯಾಶ್ ಕದ್ದವನಿಗೆ ಉಳಿದವೂ ತೆರೆದಂತೆ. ಡೊಮೇನ್ ಕಂಟ್ರೋಲರ್‌ನ ವರ್ಚುವಲ್ ಡಿಸ್ಕ್ ನಕಲು ಮಾಡಿಕೊಂಡರೆ ಸಂಸ್ಥೆಯ ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳೂ ಅವನ ಪಾಲು.

ಹಣಕಾಸು ವರ್ಷ ಮುಗಿಯುವುದರೊಳಗೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್‌ಗಳನ್ನು ತಾನೇ ನಿರ್ವಹಿಸುವ ವಿಂಡೋಸ್ ಲ್ಯಾಪ್ಸ್ ಅಳವಡಿಸುವುದಾಗಿ ಆಮೇಲಿನ ಸಭೆಯಲ್ಲಿ ನೀವೇ ಹೇಳಿದಿರಿ, ನಡಾವಳಿಯಲ್ಲೂ ಬರೆಸಿದಿರಿ. ವರ್ಷ ಮುಗಿಯಿತು. ನನಗೆ ಬಂದದ್ದು ಕಾರಣ ಕೇಳುವ ನೋಟಿಸ್: ಹೊರಗಿನವರಿಗೆ ಕರೆ ಮಾಡಿದ್ದೇಕೆ?

ಹಣವಿಲ್ಲ ಎನ್ನುವಂತಿಲ್ಲ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ಲ್ಯಾಪ್ಸ್ ವಿಂಡೋಸ್ ಸರ್ವರ್ 2019 ಮತ್ತು 2022ರೊಳಗೇ ಇದೆ. ಪ್ರತಿ ಹೋಸ್ಟ್‌ಗೂ ಬೇರೆ ಪಾಸ್‌ವರ್ಡ್. ಡಿಫಾಲ್ಟ್ ಆಗಿ 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಬದಲಿಗೆ ನಿಮ್ಮ ಕಚೇರಿ ಕೊಟ್ಟ ಸಲಹೆ, ಪಾಸ್‌ವರ್ಡನ್ನು ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಬರೆದಿಡಿ ಎಂದು. ಅಂಥ ಸ್ಕ್ರಿಪ್ಟ್ ಇರುವ ಸಿಸ್‌ವಾಲ್ ಫೋಲ್ಡರನ್ನು ಡೊಮೇನ್‌ನ ಯಾವ ನೌಕರನೂ ಓದಬಹುದು, ಸ್ವಾಮಿ. ಇಂಥದೇ ಅಪಾಯಕ್ಕಾಗಿ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲಿ ಪಾಸ್‌ವರ್ಡ್ ಇಡುವುದನ್ನು ಮೈಕ್ರೋಸಾಫ್ಟ್ 2014ರಲ್ಲೇ ನಿಲ್ಲಿಸಿತು.

ಲ್ಯಾಪ್ಸ್ ಒಂದೇ ಸಾಲದು. ನಮ್ಮಂಥ ಡೊಮೇನ್‌ನಲ್ಲಿ ಅದು ಪಾಸ್‌ವರ್ಡನ್ನು ಇಡುವುದು ಡೊಮೇನ್ ಕಂಟ್ರೋಲರ್‌ಗಳ ಆಕ್ಟಿವ್ ಡೈರೆಕ್ಟರಿಯಲ್ಲಿ. ಡೈರೆಕ್ಟರಿಯೇ ಮಲಗಿದಾಗ ಓದುವುದು ಹೇಗೆ? ಒಂದು ಡೊಮೇನ್ ಕಂಟ್ರೋಲರ್ ಆ ಹೋಸ್ಟ್‌ಗಳಿಂದ ಹೊರಗೆ, ಬೇರೆ ಯಂತ್ರದಲ್ಲಿರಲಿ. ಲೋಕಲ್ ಅಡ್ಮಿನ್ ಖಾತೆಗಳು ನೆಟ್‌ವರ್ಕ್ ಮೂಲಕ ಒಳಬರುವುದನ್ನು ತಡೆಯಿರಿ. ಇದನ್ನೆಲ್ಲ ಆಗಲೇ ಬರೆದುಕೊಟ್ಟಿದ್ದೆ. ಓದಿದಿರಾ?

ನಮ್ಮ ಕಚೇರಿಯ ಕಥೆ ಮಾತ್ರವಲ್ಲ ಇದು. ಗುತ್ತಿಗೆ ಮುಗಿದರೂ ಪಾಸ್‌ವರ್ಡ್ ಹಸ್ತಾಂತರವಾಗುವುದಿಲ್ಲ, ಕೇಳಿದವನೇ ತಪ್ಪಿತಸ್ಥನಾಗುತ್ತಾನೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶಿಸಿದೆ. ಅಡ್ಮಿನ್ ಪಾಸ್‌ವರ್ಡ್ ಯಾರ್ಯಾರ ಬಳಿ ಇದೆಯೆಂದೇ ತಿಳಿಯದ ಕಚೇರಿ ಏನು ವರದಿ ಮಾಡೀತು?

ನೋಟಿಸ್ ಹಿಂಪಡೆಯಿರಿ. ಲ್ಯಾಪ್ಸ್ ಜಾರಿಯಾಗುವ ದಿನಾಂಕವನ್ನು ನಿಮ್ಮ ಸಹಿಯೊಂದಿಗೆ ಲಿಖಿತವಾಗಿ ಕೊಡಿ.

ಇತಿ,
ನಿಮ್ಮ ಸರ್ವರ್ ವಿಭಾಗದ ನೌಕರ