ಬಾಗಿಲ ಕಾಯುವ ಕಲ್ಲು

ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ ಮನೆಬಾಗಿಲುಗಳ ಮುಂದೆಯೂ ದೇವಾಲಯಗಳ ಎದುರಿಗೂ ಚೌಕಾಕಾರದ ಕಲ್ಲುಕಂಬಗಳು ನಿಂತಿರುತ್ತಿದ್ದುವು. ಕಂಬದ ತುದಿಯಲ್ಲಿ ಗಡ್ಡವುಳ್ಳ ಹೆರ್ಮೀಸ್ ದೇವನ ಶಿರಸ್ಸು. ಕೆಳಗೆ ಕೈಕಾಲುಗಳಿಲ್ಲದ ಬರಿಯ ಕಂಬ. ಹೆರ್ಮೀಸನು ದಾರಿಗರಿಗೂ ವರ್ತಕರಿಗೂ ರಕ್ಷಕನು. ಸತ್ತವರ ಆತ್ಮಗಳಿಗೆ ಪರಲೋಕದ ದಾರಿ ತೋರುವವನೂ ಅವನೇ. ಆದುದರಿಂದ ಹೊಸ್ತಿಲು, ಕೂಡುದಾರಿ, ಗಡಿ ಇವೆಲ್ಲವೂ ಅವನ ನೆಲೆಗಳು. ಅವನ ಹೆಸರಿನಿಂದಲೇ ಈ ಕಂಬಗಳಿಗೆ ಹೆರ್ಮಗಳೆಂದು ಹೆಸರು. ಜನರು ಅವಕ್ಕೆ ಮಾಲೆಗಳನ್ನು ತೊಡಿಸಿ ಪೂಜಿಸುತ್ತಿದ್ದರು. ಕ್ರಿ. ಪೂ. 6ನೆಯ ಶತಮಾನದಲ್ಲಿ ಹಿಪ್ಪಾರ್ಕಸನೆಂಬ ಪ್ರಭುವು ನಗರಕ್ಕೂ ಹಳ್ಳಿಗಳಿಗೂ ನಡುದಾರಿಯಲ್ಲಿ ಇಂತಹ ಕಂಬಗಳನ್ನು ನಿಲ್ಲಿಸಿ, ಮಿತ್ರವಂಚನೆ ಕೂಡದೆಂಬಂತಹ ನೀತಿಮಾತುಗಳನ್ನು ಕೆತ್ತಿಸಿದನು.

ಕ್ರಿ. ಪೂ. 415ರಲ್ಲಿ ಅಥೆನ್ಸಿನ ಮಹಾ ನೌಕಾಸೈನ್ಯವು ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಲು ಸಿದ್ಧವಾಗಿತ್ತು. ಆಗ ಒಂದು ಮುಂಜಾನೆ ಜನರು ಎದ್ದು ನೋಡಲು, ನಗರದ ಬಹುಪಾಲು ಹೆರ್ಮಗಳ ಮುಖಗಳು ಒಡೆದಿದ್ದುವು! ಒಂದೇ ರಾತ್ರಿಯಲ್ಲಿ ನಡೆದ ಕೃತ್ಯವದು. ದಂಡಯಾತ್ರೆಗೆ ಇದು ಅಪಶಕುನವೆಂದೂ, ಪ್ರಜಾಪ್ರಭುತ್ವವನ್ನು ಕೆಡಹುವ ಒಳಸಂಚೆಂದೂ ಪುರಜನರು ತಲ್ಲಣಿಸಿದರು. ಸುಳಿವು ಕೊಟ್ಟವರಿಗೆ ದೊಡ್ಡ ಬಹುಮಾನಗಳು ಸಾರಲ್ಪಟ್ಟುವು. ಪೌರನಾಗಲಿ, ಪರದೇಶಿಯಾಗಲಿ, ಗುಲಾಮನಾಗಲಿ, ದೈವದ್ರೋಹದ ಸಂಗತಿಯನ್ನು ತಿಳಿಸಿದರೆ ಅಭಯವುಂಟೆಂದು ಘೋಷಿಸಿದರು.

ಇಲ್ಲಿಂದಲೇ ನಿಜವಾದ ಅನರ್ಥವು ಮೊದಲಾಯಿತು. ನೀಚರ ಮಾತನ್ನು ನಂಬಿ ಸಜ್ಜನರನ್ನು ಸೆರೆಗೆ ತಳ್ಳಿದರೆಂದು ಇತಿಹಾಸಕಾರ ಥುಸಿಡಿಡೀಸನು ಬರೆದಿರುವನು. ಚಾಡಿಕೋರನೊಬ್ಬನು ತಾನು ಬೆಳುದಿಂಗಳಿನಲ್ಲಿ ಅಪರಾಧಿಗಳ ಮುಖಗಳನ್ನು ಗುರುತಿಸಿದೆನೆಂದು ಹೇಳಿದನಂತೆ. ಆ ರಾತ್ರಿಯಾದರೋ ಅಮಾವಾಸ್ಯೆಯಾಗಿತ್ತೆಂದು ಪ್ಲೂಟಾರ್ಕನು ತಿಳಿಸುತ್ತಾನೆ. ಸೇನಾನಿಗಳಲ್ಲೊಬ್ಬನಾದ ಆಲ್ಸಿಬಿಯಡೀಸನ ಮೇಲೂ ಶಂಕೆ ಹಬ್ಬಿತು. ಗೂಢವ್ರತಗಳನ್ನು ಅಣಕಿಸಿದನೆಂಬ ದೂರೂ ಅದರೊಡನೆ ಸೇರಿತು. ಹೊರಡುವ ಮುನ್ನವೇ ತನ್ನ ವಿಚಾರಣೆಯಾಗಲೆಂದು ಅವನು ಬೇಡಿದನು. ವೈರಿಗಳು ಅದಕ್ಕೆ ಎಡೆಗೊಡದೆ, ಅವನು ಸಿಸಿಲಿಯನ್ನು ಸೇರಿದ ಬಳಿಕ ಹಿಂದಕ್ಕೆ ಕರೆಸಿದರು. ಅವನು ದಾರಿಯಲ್ಲಿ ತಪ್ಪಿಸಿಕೊಂಡು ಶತ್ರುಗಳಾದ ಸ್ಪಾರ್ಟದವರನ್ನು ಸೇರಿ, ಸಿರಾಕ್ಯೂಸ್ ನಗರದ ನೆರವಿಗೆ ಸೇನಾಪತಿಯನ್ನು ಕಳುಹಿಸುವಂತೆ ಬೋಧಿಸಿದನು. ಕ್ರಿ. ಪೂ. 413ರಲ್ಲಿ ಅಥೆನ್ಸಿನ ಆ ಮಹಾಸೈನ್ಯವು ಸಿಸಿಲಿಯಲ್ಲಿ ನಾಮಾವಶೇಷವಾಯಿತು.

ಕಂಬಗಳನ್ನು ಒಡೆದವರಾರೆಂಬುದನ್ನು ಆಗಲಿ ಆಮೇಲಾಗಲಿ ಯಾರೂ ನಿಶ್ಚಯವಾಗಿ ಹೇಳಲಾರದೆ ಹೋದರೆಂದು ಥುಸಿಡಿಡೀಸನ ಮಾತು. ವಾಚಕರೇ, ಒಡೆದ ಕಲ್ಲನ್ನು ಶಿಲ್ಪಿಯು ಮರಳಿ ಕಡೆಯಬಲ್ಲನು. ನೆರೆಹೊರೆಯವರಲ್ಲಿ ಒಬ್ಬರಿಗೊಬ್ಬರ ಮೇಲಿದ್ದ ನಂಬುಗೆಯೂ ಆ ಕಂಬದಂತೆಯೇ ಪ್ರತಿಯೊಂದು ಹೊಸ್ತಿಲನ್ನು ಕಾಯುತ್ತಿದ್ದಿತು. ಅದನ್ನು ಒಡೆದವರು ರಾತ್ರಿಯ ದುಷ್ಟರಲ್ಲ. ಹಗಲಿನಲ್ಲಿ ಕೇಳಿದುದನ್ನೆಲ್ಲ ವಿಚಾರಿಸದೆ ನಂಬಿದ ಪುರಜನರೇ.